ನಾಲ್ಕು ಚೌಕದ ಲೆಕ್ಕ

ಕಳೆದ ತಿಂಗಳ ಮಾತು. ಮಗಳ ಟಿಫಿನ್ ಡಬ್ಬಿ ತೊಳೆಯಲು ತೆಗೆದರೆ ಚಿತ್ರಾನ್ನ ಮುಕ್ಕಾಲು ಪಾಲು ಹಾಗೇ ಉಳಿದಿತ್ತು. ಆ ವಾರದಲ್ಲಿ ಅದು ಮೂರನೇ ಸಲ. “ಯಾಕೇ ಮಾನಸ, ತಿಂದಿಲ್ಲ?” ಎಂದರೆ, “ಟೈಮ್ ಆಗ್ಲಿಲ್ಲಮ್ಮ” ಎಂದು ಒಳಗೆ ಹೋದಳು. ಹತ್ತನೇ ಕ್ಲಾಸು. ಬೆಳಗ್ಗೆ ಸ್ಪೆಷಲ್ ಕ್ಲಾಸು, ಸಂಜೆ ಟೆಸ್ಟು. ಈ ವಯಸ್ಸಿನ ಮಕ್ಕಳು ಊಟ ಬಿಡುವುದೇನೂ ಹೊಸತಲ್ಲ ಎಂದು ನಾನೂ ಸುಮ್ಮನಾದೆ.

ಅವಳ ವಿಜ್ಞಾನದ ನೋಟ್‌ಬುಕ್ಕಿನ ರಟ್ಟು ಕಿತ್ತುಬಂದಿತ್ತು. ರಾತ್ರಿ ಅಂಟಿಸಲು ಕೂತೆ. ಕೊನೆಯ ಪುಟದಲ್ಲಿ ಪೆನ್ಸಿಲಿನಿಂದ ನಾಲ್ಕು ಮನೆಯ ಒಂದು ಚೌಕ ಬರೆದಿದ್ದಳು. ಮೆಂಡಲನ ಬಟಾಣಿ ಗಿಡದ ಲೆಕ್ಕಕ್ಕೆ ಹಾಕುತ್ತಾರಲ್ಲ, ಅದೇ ಚೌಕ. ಆದರೆ ಎತ್ತರದ ಗಿಡ, ಕುಳ್ಳ ಗಿಡ ಎಂದು ಇರಲಿಲ್ಲ. ಮೇಲೆ ‘ಅಮ್ಮ’ ಎಂದಿತ್ತು, ಪಕ್ಕದಲ್ಲಿ ‘ಅಪ್ಪ’ ಎಂದಿತ್ತು. ನಾಲ್ಕೂ ಮನೆಗಳಲ್ಲಿ ಪ್ರಶ್ನೆ ಚಿಹ್ನೆ. ಕೆಳಗೆ ಸಣ್ಣದಾಗಿ ‘4ಕ್ಕೆ 2? 4ಕ್ಕೆ 4?’ ಎಂದು ಬರೆದು ಹೊಡೆದುಹಾಕಿದ್ದಳು.

ಯಾವ ಲೆಕ್ಕವೆಂದು ನನಗೆ ಕೂಡಲೇ ಹೊಳೆಯಿತು. ಈ ಅಂಕಣ ಓದುತ್ತ ಬಂದವರಿಗೆ ನನ್ನ ಕರುಳಿನ ಕಥೆ ಗೊತ್ತು. ಹನ್ನೊಂದು ವರ್ಷದಿಂದ ನನಗೆ ಕ್ರೋನ್ಸ್ ಕಾಯಿಲೆ. ಮಾನಸ ಆಗ ನಾಲ್ಕು ವರ್ಷದವಳು.

ದೀಪ ಆರಿಸಿ ಅವಳ ಪಕ್ಕ ಹೋಗಿ ಮಲಗಿದೆ. ಸ್ವಲ್ಪ ಹೊತ್ತಿನ ಮೇಲೆ, “ಚೌಕ ನೋಡಿದೆ ಕಣೇ” ಎಂದೆ. ಮೊದಲು ಮಾತಿಲ್ಲ. ಆಮೇಲೆ ಒಂದೊಂದಾಗಿ ಹೊರಗೆ ಬಂತು. ಎರಡು ತಿಂಗಳ ಹಿಂದೆ ನೆಂಟರ ಮನೆಯ ಗೃಹಪ್ರವೇಶಕ್ಕೆ ಹೋಗಿದ್ದೆವು. ಊಟದ ಪಂಕ್ತಿಯಲ್ಲಿ ಯಾರೋ ಹೆಂಗಸರು ಮಾತಾಡಿಕೊಂಡದ್ದು ಇವಳ ಕಿವಿಗೆ ಬಿದ್ದಿದೆ. “ಹುಡುಗಿ ಲಕ್ಷಣವಾಗಿದ್ದಾಳೆ. ಆದ್ರೆ ತಾಯಿಗೆ ಅದೇನೋ ಕರುಳಿನ ಕಾಯ್ಲೆಯಂತಲ್ಲ, ಅದು ವಂಶಕ್ಕೆ ಅಂಟ್ಕೊಂಡು ಬರೋದು. ನಾಳೆ ಯಾರು ಮಾಡ್ಕೋತಾರೆ?”

“ಅಮ್ಮ, ಮೂರು ವಾರದಿಂದ ನಂಗೆ ಹೊಟ್ಟೆ ನೋವು ಬರ್ತಿದೆ. ಹೇಳಿದ್ರೆ ನೀನು ಅಳ್ತೀಯ ಅಂತ ಹೇಳ್ಲಿಲ್ಲ.”

ನಾನು ಅಳಲಿಲ್ಲ. ಅಳು ಬಂದದ್ದು ಆಮೇಲೆ, ಬಚ್ಚಲುಮನೆಯಲ್ಲಿ. ಆಗ ಮಾತ್ರ ಡಾಕ್ಟರು ನನ್ನನ್ನು ಕೇಳುವ ಪ್ರಶ್ನೆಗಳನ್ನೇ ಅವಳನ್ನೂ ಕೇಳಿದೆ. ಮಲದಲ್ಲಿ ರಕ್ತ ಬಿದ್ದಿದೆಯಾ? ರಾತ್ರಿ ನಿದ್ದೆಯಿಂದ ಎದ್ದು ಹೋಗಬೇಕಾಯಿತಾ? ಭೇದಿ? ಜ್ವರ? ಎಲ್ಲಕ್ಕೂ ಇಲ್ಲ ಎಂದಳು. “ಶನಿವಾರ ಡಾಕ್ಟರ ಹತ್ರ ಹೋಗೋಣ. ಆ ಚೌಕಾನೂ ತಗೊಂಡು ಬಾ” ಎಂದೆ.

ಈ ಕಾಯಿಲೆಯ ಬಗ್ಗೆ ಗೊತ್ತಿಲ್ಲದವರಿಗಾಗಿ ಎರಡು ಮಾತು. ಕರುಳಿನ ಒಳಪದರದಲ್ಲಿ ವರ್ಷಗಟ್ಟಲೆ ಉರಿಯೂತ ಹೊಗೆಯಾಡುತ್ತಲೇ ಇರುವ ಕಾಯಿಲೆಗಳಿಗೆ ಒಟ್ಟಾಗಿ ಐಬಿಡಿ ಎನ್ನುತ್ತಾರೆ. ಅದರಲ್ಲಿ ಮುಖ್ಯವಾಗಿ ಎರಡು ಬಗೆ. ದೊಡ್ಡ ಕರುಳಿನ ಒಳಪದರಕ್ಕೆ ಮಾತ್ರ ಬರುವುದು ಅಲ್ಸರೇಟಿವ್ ಕೊಲೈಟಿಸ್. ಬಾಯಿಂದ ಗುದದವರೆಗೆ ಎಲ್ಲಿ ಬೇಕಾದರೂ, ಕರುಳಿನ ಗೋಡೆಯ ಆಳದವರೆಗೂ ಇಳಿಯುವುದು ಕ್ರೋನ್ಸ್. ನ್ಯೂಯಾರ್ಕಿನ ಬರಿಲ್ ಕ್ರೋನ್ ಮತ್ತು ಅವರ ಇಬ್ಬರು ಜೊತೆಗಾರರು 1932ರಲ್ಲಿ ಇದನ್ನು ವಿವರಿಸಿ ಬರೆದದ್ದರಿಂದ ಆ ಹೆಸರು. ಇದು ಮೂಲವ್ಯಾಧಿಯಲ್ಲ, ಉಷ್ಣವಲ್ಲ, ಅಂಟುರೋಗವೂ ಅಲ್ಲ. ನಮ್ಮ ದೇಶದಲ್ಲಿ ಕರುಳಿನ ಕ್ಷಯವೂ ಥೇಟ್ ಹೀಗೇ ಕಾಣುತ್ತದೆ. ನನಗೂ ಮೊದಲು ಆರು ತಿಂಗಳು ಕ್ಷಯದ ಮಾತ್ರೆಯೇ ಆಯಿತು. ಅದರಿಂದ ಗುಣ ಕಾಣದೆ ಮತ್ತೆ ಕೊಲೊನೊಸ್ಕೋಪಿ ಮಾಡಿದ ಮೇಲೆ ಕ್ರೋನ್ಸ್ ಎಂದು ತಿಳಿಯಿತು.

ಶನಿವಾರ ಡಾಕ್ಟರ ಮುಂದೆ ಮಾನಸ ನೋಟ್‌ಬುಕ್ಕು ತೆರೆದಿಟ್ಟಳು. ಅವರು ನಗಲಿಲ್ಲ. ಕನ್ನಡಕ ಸರಿಮಾಡಿಕೊಂಡು ನೋಡಿದರು. “ಚೌಕ ಸರಿಯಾಗೇ ಹಾಕಿದೀಯ ಪುಟ್ಟ. ಆದ್ರೆ ಇದು ನಿಮ್ಮಮ್ಮನ ಕಾಯಿಲೆಗೆ ಹೊಂದೋ ಲೆಕ್ಕ ಅಲ್ಲ” ಎಂದರು. ಮೆಂಡಲನ ಬಟಾಣಿಯಲ್ಲಿ ಗಿಡ ಎತ್ತರವೋ ಕುಳ್ಳೋ ಎಂಬುದನ್ನು ಒಂದೇ ಒಂದು ವಂಶವಾಹಿ, ಅಂದರೆ ಜೀನ್, ತೀರ್ಮಾನಿಸುತ್ತಿತ್ತು. ಹಾಗಾಗಿ ನಾಲ್ಕು ಮನೆ ಸಾಕಾಯಿತು. ಕ್ರೋನ್ಸ್, ಕೊಲೈಟಿಸ್‌ಗಳ ಅಪಾಯವನ್ನು ಸ್ವಲ್ಪ ಏರಿಸುವ ಅಥವಾ ಇಳಿಸುವ ಜಾಗಗಳು ನಮ್ಮ ವರ್ಣತಂತುಗಳಲ್ಲಿ 200ಕ್ಕೂ ಹೆಚ್ಚು ಸಿಕ್ಕಿವೆ. ಒಂದೊಂದು ಜಾಗದಲ್ಲೂ ಅಕ್ಷರ ವ್ಯತ್ಯಾಸದಂಥ ಸಣ್ಣ ವ್ಯತ್ಯಾಸ. ಅವುಗಳಲ್ಲಿ ಹೆಚ್ಚಿನವು ಕೂದಲೆಳೆಯಷ್ಟು ಮಾತ್ರ ಅಪಾಯವನ್ನು ಬದಲಿಸುತ್ತವೆ.

ಅವಳ ಮುಖ ನೋಡಿದರೆ ಅರ್ಥವಾದಂತೆ ಕಾಣಲಿಲ್ಲ. ಮನೆಗೆ ಬಂದ ಮೇಲೆ ನಾನು ಚೌಕಾಬಾರದ ಮಣೆ ತೆಗೆದೆ. ನಮ್ಮತ್ತೆಯವರ ಕಾಲದ ನಾಲ್ಕು ಕವಡೆ ನಮ್ಮ ಮನೆಯಲ್ಲಿವೆ. ಅದರಲ್ಲೊಂದರ ಬೆನ್ನು ಸವೆದು ಚಪ್ಪಟೆಯಾಗಿದೆ. ಅದು ಹೆಚ್ಚಾಗಿ ಬಾಯಿ ಮೇಲಾಗಿಯೇ ಬೀಳುತ್ತದೆಂದು ಮನೆಮಂದಿಗೆಲ್ಲ ಗೊತ್ತು. ಹಾಗೆಂದು ಆ ಒಂದು ಕವಡೆ ನೋಡಿ ಯಾರಿಗೆ ಚೌಕ ಬೀಳುತ್ತದೆ, ಯಾರಿಗೆ ಬಾರ ಬೀಳುತ್ತದೆ ಎಂದು ಹೇಳಲು ಆಗುತ್ತದೆಯೇ? “ಈಗ ಇಂಥವು ಇನ್ನೂರು ಕವಡೆ ಅಂದ್ಕೋ. ಕೆಲವು ಆ ಕಡೆ ಸವೆದಿವೆ, ಕೆಲವು ಈ ಕಡೆ. ಅಮ್ಮನಿಂದ ಅರ್ಧ, ಅಪ್ಪನಿಂದ ಅರ್ಧ ಆರಿಸಿ ನಿನ್ನ ಕೈಗೆ ಹಾಕಿದ್ದಾರೆ. ಆಟ ಇನ್ನೂ ಆಡಬೇಕು” ಎಂದೆ. ಇದು ಅವಳಿಗೆ ಹಿಡಿಸಿತು.

ಸವೆದ ಕವಡೆಗಳಲ್ಲಿ ಎಲ್ಲಕ್ಕಿಂತ ಹೆಸರಾದದ್ದು ‘ನಾಡ್-2’ ಎಂಬ ಜೀನ್. ಇದರ ಕಥೆ ಓದಿದಾಗ ನನಗೆ ಪತ್ತೇದಾರಿ ಕಾದಂಬರಿ ಓದಿದಂತಾಯಿತು. ಪ್ಯಾರಿಸ್ಸಿನ ಡಾಕ್ಟರ್ ಜಾನ್-ಪಿಯರ್ ಹ್ಯೂಗೋ ಮತ್ತು ಅವರ ತಂಡ ಕ್ರೋನ್ಸ್ ಇರುವ ಕುಟುಂಬಗಳ ರಕ್ತ ಪರೀಕ್ಷಿಸುತ್ತ 1996ರಲ್ಲಿ ಒಂದು ಸುಳಿವು ಹಿಡಿದರು: ಹುಡುಕುವುದು 16ನೇ ವರ್ಣತಂತುವಿನಲ್ಲಿದೆ. ಊರು ಸಿಕ್ಕಿತು, ಬೀದಿ ಸಿಗಬೇಕು, ಆಮೇಲೆ ಮನೆ. ಐದು ವರ್ಷ ಹಿಡಿಯಿತು. 2001ರಲ್ಲಿ ಅವರ ತಂಡ ಮತ್ತು ಅಮೆರಿಕದ ಇನ್ನೊಂದು ತಂಡ ಬೇರೆ ಬೇರೆ ದಾರಿಯಲ್ಲಿ ಹೋಗಿ ಒಂದೇ ಮನೆಯ ಬಾಗಿಲು ತಟ್ಟಿದವು.

ಈ ನಾಡ್-2 ಮಾಡುವ ಕೆಲಸ ಕಾವಲುಗಾರನದು. ನಮ್ಮ ಕರುಳಿನಲ್ಲಿ ಲೆಕ್ಕವಿಲ್ಲದಷ್ಟು ಬ್ಯಾಕ್ಟೀರಿಯಾ ವಾಸವಾಗಿವೆ. ಅವುಗಳ ಹೊರಗೋಡೆಯ ಒಂದು ಚೂರು ಜೀವಕೋಶದೊಳಗೆ ಬಂದರೆ ಗುರುತು ಹಿಡಿದು ಕೂಗು ಹಾಕುವುದು ಅದರ ಕೆಲಸ. ಕ್ರೋನ್ಸ್ ರೋಗಿಗಳಲ್ಲಿ ಹೆಚ್ಚಾಗಿ ಕಂಡ ಮೂರು ವ್ಯತ್ಯಾಸಗಳಲ್ಲಿ ಈ ಕಾವಲುಗಾರ ತೂಕಡಿಸುತ್ತಾನೆ. ಕಳ್ಳರು ಹಿತ್ತಿಲಿನಿಂದ ಅಡುಗೆಮನೆಯವರೆಗೆ ಬಂದ ಮೇಲೆ ಇಡೀ ಬೀದಿ ಎದ್ದು ದೊಣ್ಣೆ ಹಿಡಿದು ನುಗ್ಗುತ್ತದೆ. ಕಳ್ಳರ ಜೊತೆ ಮನೆಯ ಪಾತ್ರೆ ಪಡಗವೂ ಒಡೆದು ಚೂರಾಗುತ್ತದೆ. ಆ ಗದ್ದಲವೇ ಉರಿಯೂತ.

ಯುರೋಪಿನವರಲ್ಲಿ ಈ ವ್ಯತ್ಯಾಸ ಅಪ್ಪ ಅಥವಾ ಅಮ್ಮ ಒಬ್ಬರಿಂದ ಬಂದರೆ ಕ್ರೋನ್ಸ್ ಅಪಾಯ ಎರಡರಿಂದ ನಾಲ್ಕು ಪಟ್ಟಾಗುತ್ತದೆ. ಇಬ್ಬರಿಂದಲೂ ಬಂದರೆ ಇಪ್ಪತ್ತು ಪಟ್ಟು, ಕೆಲವು ಲೆಕ್ಕಗಳಲ್ಲಿ ಅದಕ್ಕೂ ಹೆಚ್ಚು. ಕೇಳಿದರೆ ಎದೆ ಝಲ್ಲೆನ್ನುತ್ತದೆ. ಆದರೆ ಗಣಿತದವಳಾಗಿ ಒಂದು ಮಾತು ಹೇಳಬೇಕು. ‘ಪಟ್ಟು’ ಎಂಬ ಪದ ಕೇಳಿದಾಗಲೆಲ್ಲ ‘ಎಷ್ಟರ ಪಟ್ಟು?’ ಎಂದು ಕೇಳಿ. ಮೊದಲೇ ಅಪರೂಪವಾದ ಕಾಯಿಲೆಯ ಇಪ್ಪತ್ತು ಪಟ್ಟು ಕೂಡ ಸಣ್ಣ ಸಂಖ್ಯೆಯೇ. ಎರಡೂ ಕಡೆಯಿಂದ ಆ ವ್ಯತ್ಯಾಸ ಪಡೆದವರಲ್ಲೂ ಹೆಚ್ಚಿನವರು ಜೀವಮಾನವಿಡೀ ಕ್ರೋನ್ಸ್ ಕಾಣದೆಯೇ ಬದುಕುತ್ತಾರೆ.

ಇದಕ್ಕಿಂತ ಒಳ್ಳೆಯ ಸಾಕ್ಷಿ ಅವಳಿ ಮಕ್ಕಳದು. ನಮ್ಮ ಶಾಲೆಯಲ್ಲಿ ತದ್ರೂಪಿ ಅವಳಿ ಹುಡುಗರಿದ್ದಾರೆ. ಹಾಜರಿ ಹಾಕುವಾಗ ನಾನು ಇಂದಿಗೂ ಒಬ್ಬನನ್ನು ಇನ್ನೊಬ್ಬ ಎಂದು ಕರೆಯುತ್ತೇನೆ. ಇಂಥವರ ಜೀನ್‌ಗಳು ಒಂದೇ. ಜೀನ್ ಒಂದೇ ಹಣೆಬರಹ ಬರೆಯುವುದಾದರೆ ಒಬ್ಬನಿಗೆ ಬಂದ ಕಾಯಿಲೆ ಇನ್ನೊಬ್ಬನಿಗೂ ಬರಲೇಬೇಕು. ಸ್ವೀಡನ್ ದೇಶದಲ್ಲಿ ಇದನ್ನು ಎಣಿಸಿ ನೋಡಿ 1988ರಲ್ಲಿ ಪ್ರಕಟಿಸಿದರು. ಕ್ರೋನ್ಸ್ ಇದ್ದ 18 ತದ್ರೂಪಿ ಜೋಡಿಗಳಲ್ಲಿ ಇಬ್ಬರಿಗೂ ಕಾಯಿಲೆ ಇದ್ದದ್ದು 8 ಜೋಡಿಗಳಲ್ಲಿ. ತದ್ರೂಪಿಗಳಲ್ಲದ, ಸಾಮಾನ್ಯ ಅಣ್ಣತಮ್ಮ ಅಕ್ಕತಂಗಿಯರಂಥ 26 ಅವಳಿ ಜೋಡಿಗಳಲ್ಲಿ ಒಂದೇ ಒಂದು. ಕೊಲೈಟಿಸ್‌ನಲ್ಲಿ 16 ತದ್ರೂಪಿ ಜೋಡಿಗಳಲ್ಲೂ ಒಂದೇ ಒಂದು.

ಮಾನಸ ಈ ಅಂಕಿಗಳನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು. “18ಕ್ಕೆ 8 ಅಂದ್ರೆ ಜೀನ್‌ದು ಪಾಲಿದೆ. ಆದ್ರೆ ಉಳಿದ 10?” ಎಂದಳು. ಅದೇ ಪ್ರಶ್ನೆ ನೋಡಿ. ಎಂಟು ಜೋಡಿ ಹೇಳುವುದು ವಂಶದ ಪಾಲು ನಿಜ ಎಂದು. ಹತ್ತು ಜೋಡಿ ಹೇಳುವುದು ವಂಶವೇ ಎಲ್ಲವೂ ಅಲ್ಲ ಎಂದು. ಕೊಲೈಟಿಸ್‌ನಲ್ಲಂತೂ ವಂಶದ ಪಾಲು ಇನ್ನೂ ಕಡಿಮೆ.

“ಹಾಗಾದ್ರೆ ನಂಗೆ ಎಷ್ಟು?” ಎಂದಳು. ಡಾಕ್ಟರು ಹೇಳಿದ ಉತ್ತರವನ್ನೇ ಇಲ್ಲೂ ಕೊಡುತ್ತೇನೆ. ತಾಯಿ ಅಥವಾ ತಂದೆ, ಒಬ್ಬರಿಗೆ ಈ ಕಾಯಿಲೆ ಇದ್ದರೆ ಅವರ ಮಕ್ಕಳಿಗೆ ಅಪಾಯ ಬೇರೆಯವರ ಮಕ್ಕಳಿಗಿಂತ ಹಲವು ಪಟ್ಟು ಹೆಚ್ಚು. ಇದನ್ನು ಮುಚ್ಚಿಡುವುದು ಬೇಡ. ಆದರೆ ಅಂಥ 100 ಮಕ್ಕಳನ್ನು ತೆಗೆದುಕೊಂಡರೆ 90ಕ್ಕೂ ಹೆಚ್ಚು ಮಕ್ಕಳಿಗೆ ಅದು ಬರುವುದಿಲ್ಲ. ತಾಯಿ ತಂದೆ ಇಬ್ಬರಿಗೂ ಇದ್ದರೆ ಮಾತ್ರ ಲೆಕ್ಕ ಗಂಭೀರವಾಗುತ್ತದೆ. ನಾಲ್ಕು ಮನೆಯ ಚೌಕದಲ್ಲಿ ಎರಡೋ ನಾಲ್ಕೋ ಎಂದು ಮೂರು ವಾರ ಒಬ್ಬಳೇ ಹೆದರಿದ ಹುಡುಗಿಗೆ ಈ 90 ಎಂಬ ಸಂಖ್ಯೆ ಎಷ್ಟು ದೊಡ್ಡದು ಎಂದು ನೀವೇ ಊಹಿಸಿ.

ಅಷ್ಟರಲ್ಲಿ ವಿಷಯ ನನ್ನ ತಮ್ಮನಿಗೂ ಮುಟ್ಟಿತು. ಅವನು ನ್ಯೂಜೆರ್ಸಿಯಲ್ಲಿದ್ದಾನೆ. “ಅಕ್ಕ, ಇಲ್ಲಿ ಕೊಳವೆಗೆ ಉಗುಳಿ ಕಳಿಸಿದ್ರೆ ಎಲ್ಲಾ ಜೀನ್ ನೋಡಿ ಹೇಳ್ತಾರೆ. ಮಾನಸಂದೂ ಮಾಡಿಸಿಬಿಡೋಣ” ಎಂದ. ಅವನ ಪ್ರೀತಿ ದೊಡ್ಡದು. ಆದರೆ ಡಾಕ್ಟರು ಬೇಡ ಎಂದರು. ಕಾರಣ ಕೇಳಿ ನನಗೂ ಅಚ್ಚರಿಯಾಯಿತು. ಯುರೋಪಿನವರಲ್ಲಿ ಹೆಸರಾದ ನಾಡ್-2ರ ಆ ಮೂರು ವ್ಯತ್ಯಾಸಗಳು ನಮ್ಮ ದೇಶದ ರೋಗಿಗಳಲ್ಲಿ ಬಲು ಅಪರೂಪ. ಜಪಾನ್, ಚೀನಾ, ಕೊರಿಯಾಗಳಲ್ಲಂತೂ ಇಲ್ಲವೆಂದೇ ಹೇಳಬೇಕು. ಆದರೂ ಅಲ್ಲೆಲ್ಲ ಕ್ರೋನ್ಸ್ ಇದೆ, ನಮ್ಮಲ್ಲೂ ಇದೆ. ಹಾಗಿರುವಾಗ ‘ನಿಮ್ಮಲ್ಲಿ ಆ ವ್ಯತ್ಯಾಸ ಇಲ್ಲ’ ಎಂಬ ವರದಿ ಬಂದರೆ ಮಾನಸಳಿಗೆ ಅದರಿಂದ ಯಾವ ಭರವಸೆಯೂ ಸಿಗುವುದಿಲ್ಲ. ‘ಇದೆ’ ಎಂದು ಬಂದರೆ ಸುಮ್ಮನೆ ಹೆದರಿಕೆ. ಉತ್ತರ ಭಾರತದ ಕೊಲೈಟಿಸ್ ರೋಗಿಗಳ ಜೀನ್‌ಗಳನ್ನೆಲ್ಲ ಜಾಲಾಡಿ 2015ರಲ್ಲಿ ಒಂದು ಅಧ್ಯಯನ ಪ್ರಕಟವಾಯಿತು. ಯುರೋಪಿನವರಲ್ಲಿ ಕಂಡ ಕೆಲವು ಜಾಗಗಳು ಇಲ್ಲೂ ಸಿಕ್ಕವು, ಜೊತೆಗೆ ಅಲ್ಲಿ ಕಾಣದ ಹೊಸ ಜಾಗಗಳೂ ಸಿಕ್ಕವು. ಒಂದು ಊರಿನ ಕವಡೆ ನೋಡಿ ಇನ್ನೊಂದು ಊರಿನ ಆಟ ಹೇಳಲು ಬರುವುದಿಲ್ಲ.

ಜೀನ್ ಅಲ್ಲದ ಪಾಲು ಯಾವುದು ಎಂಬುದಕ್ಕೂ ನಮ್ಮವರ ಕಥೆಯೇ ಸಾಕ್ಷಿಯಾಗಿದೆ. ಭಾರತದಿಂದಲೂ ಪೂರ್ವ ಆಫ್ರಿಕಾದಿಂದಲೂ ಹೋದ ಸಾವಿರಾರು ಭಾರತೀಯ ಕುಟುಂಬಗಳು ಇಂಗ್ಲೆಂಡಿನ ಲೆಸ್ಟರ್ ನಗರದಲ್ಲಿ ನೆಲೆಸಿವೆ. ಅಲ್ಲಿನ ಡಾಕ್ಟರುಗಳು ಎಣಿಸಿ ನೋಡಿದಾಗ ದಕ್ಷಿಣ ಏಷ್ಯಾ ಮೂಲದವರಲ್ಲಿ ಅಲ್ಸರೇಟಿವ್ ಕೊಲೈಟಿಸ್ ಅಲ್ಲಿಯ ಬಿಳಿಯರಿಗಿಂತಲೂ ಹೆಚ್ಚಾಗಿ ಕಂಡಿತು. ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲೂ ಅಷ್ಟೇ, ನಮ್ಮ ಕಡೆಯಿಂದ ಹೋದವರ ಮಕ್ಕಳಲ್ಲಿ ಐಬಿಡಿ ಹೆಚ್ಚು. ವಿಮಾನ ಹತ್ತಿದ ಮಾತ್ರಕ್ಕೆ ಜೀನ್ ಬದಲಾಗುವುದಿಲ್ಲ. ಬದಲಾದದ್ದು ಊಟ, ನೀರು, ಹವೆ, ಔಷಧ, ಕರುಳಿನಲ್ಲಿರುವ ಬ್ಯಾಕ್ಟೀರಿಯಾ. ಈಗ ನಮ್ಮ ದೇಶದ ನಗರಗಳಲ್ಲೂ ಈ ಕಾಯಿಲೆ ಏರುತ್ತಿದೆ. ಎಳವೆಯಲ್ಲಿ ಪದೇ ಪದೇ ಆಂಟಿಬಯಾಟಿಕ್ ಕೊಡುವುದು, ಕಾರ್ಖಾನೆಯಲ್ಲಿ ತಯಾರಾದ ಪೊಟ್ಟಣದ ತಿಂಡಿ, ನಾರಿಲ್ಲದ ಊಟ, ಇವುಗಳಿಗೂ ಐಬಿಡಿಗೂ ನಂಟು ಕಂಡಿದೆ. ಬೀಡಿ ಸಿಗರೇಟು ಕ್ರೋನ್ಸ್‌ನ ಅಪಾಯವನ್ನೂ ಏರಿಸುತ್ತದೆ, ಬಂದ ಕಾಯಿಲೆಯನ್ನೂ ಕೆರಳಿಸುತ್ತದೆ. ಎದೆಹಾಲು ಕುಡಿದ ಮಕ್ಕಳಲ್ಲಿ ಅಪಾಯ ಕಡಿಮೆ ಕಂಡಿದೆ. ಕವಡೆ ಬದಲಿಸಲು ನಮ್ಮಿಂದ ಆಗದು. ಆಡುವ ಮಣೆಯನ್ನು ಒಂದಿಷ್ಟು ಸರಿಮಾಡಬಹುದು.

ಇನ್ನೊಂದು ಮಾತು ನನಗೆ ಬಹಳ ಸಮಾಧಾನ ಕೊಟ್ಟಿತು. ವ್ಯತ್ಯಾಸ ಎಂದರೆ ಯಾವಾಗಲೂ ಕೆಡುಕಲ್ಲ. 2006ರಲ್ಲಿ ‘ಐಎಲ್-23’ ಎಂಬ ಉರಿಯೂತದ ಸಂದೇಶವನ್ನು ಕೇಳಿಸಿಕೊಳ್ಳುವ ಜೀನ್‌ನಲ್ಲಿ ಒಂದು ಅಪರೂಪದ ವ್ಯತ್ಯಾಸ ಸಿಕ್ಕಿತು. ಅದಿರುವವರಿಗೆ ಕ್ರೋನ್ಸ್ ಬರುವ ಸಾಧ್ಯತೆ ಕಡಿಮೆ. ಆ ಸಂದೇಶದ ಕಿವಿ ಸ್ವಲ್ಪ ಮಂದವಾದರೆ ಒಳ್ಳೆಯದು ಎಂದಾಯಿತು. ಇಂದು ಅದೇ ಸಂದೇಶವನ್ನು ತಡೆಯುವ ಇಂಜೆಕ್ಷನ್‌ಗಳು ಬಂದು ರೋಗಿಗಳಿಗೆ ನೆರವಾಗುತ್ತಿವೆ. ಮಗಳಿಗೆ ನಾನು ಕೊಟ್ಟದ್ದರಲ್ಲಿ ಕಾಯಿಲೆಯ ಕಡೆ ವಾಲುವ ಕವಡೆಗಳ ಜೊತೆ ಕಾಪಾಡುವ ಕವಡೆಗಳೂ ಇರಬಹುದು. ಅವಳಪ್ಪ ಕೊಟ್ಟದ್ದರಲ್ಲೂ ಅಷ್ಟೇ. ‘ನಾನೇ ಕೊಟ್ಟುಬಿಟ್ಟೆ’ ಎಂದು ಹನ್ನೊಂದು ವರ್ಷ ಒಳಗೊಳಗೇ ಕೊರಗಿದ್ದೆ. ಕಣ್ಣಿನ ಬಣ್ಣ, ಗುಂಗುರು ಕೂದಲು, ನಗುವಾಗ ಬೀಳುವ ಗುಳಿ, ಯಾವುದನ್ನೂ ನಾನು ಆರಿಸಿ ಕೊಟ್ಟಿಲ್ಲ. ಇದನ್ನೂ ಆರಿಸಿ ಕೊಟ್ಟಿಲ್ಲ.

“ಹಾಗಾದ್ರೆ ನನ್ನ ಚೌಕ ಪೂರ್ತಿ ಸುಳ್ಳಾ?” ಎಂದು ಮಾನಸ ಡಾಕ್ಟರನ್ನು ಕೇಳಿದ್ದಳು. ಇಲ್ಲ, ಅದು ನಿಜವಾಗುವ ಒಂದು ಜಾಗವಿದೆ. ಓದುಗರಲ್ಲಿ ಎಳೆ ಮಕ್ಕಳ ತಾಯಂದಿರಿದ್ದರೆ ಇದನ್ನು ಗಮನವಿಟ್ಟು ಓದಿ.

ಹುಟ್ಟಿದ ಕೆಲವೇ ತಿಂಗಳಲ್ಲಿ, ಎರಡು ವರ್ಷ ತುಂಬುವ ಮೊದಲೇ, ಕೆಲವು ಮಕ್ಕಳಿಗೆ ತೀವ್ರವಾದ ಕರುಳಿನ ಉರಿಯೂತ ಬರುತ್ತದೆ. ರಕ್ತ ಬೆರೆತ ಭೇದಿ ನಿಲ್ಲುವುದಿಲ್ಲ, ಗುದದ ಸುತ್ತ ಕೀವಿನ ಹುಣ್ಣು, ಮೈ ಹತ್ತದು, ಮತ್ತೆ ಮತ್ತೆ ಸೋಂಕು. ಇಂಥ ಕೆಲವು ಮಕ್ಕಳಲ್ಲಿ ಇನ್ನೂರು ಕವಡೆಯ ಲೆಕ್ಕವಲ್ಲ, ಒಂದೇ ಜೀನ್ ಕೆಟ್ಟಿರುತ್ತದೆ. ಉರಿಯೂತಕ್ಕೆ ‘ಸಾಕು, ನಿಲ್ಲಿಸು’ ಎನ್ನುವ ‘ಐಎಲ್-10’ ಎಂಬ ಸಂದೇಶವಿದೆ. ಅದನ್ನು ಕೇಳುವ ಕಿವಿಯೇ ಕೆಲವು ಮಕ್ಕಳಲ್ಲಿ ಇಲ್ಲ ಎಂದು 2009ರಲ್ಲಿ ಜರ್ಮನಿಯ ಡಾಕ್ಟರುಗಳು ಮತ್ತು ಅವರ ಜೊತೆಗಾರರು ಕಂಡುಹಿಡಿದರು. ಆ ಕುಟುಂಬಗಳಲ್ಲಿ ತಂದೆತಾಯಿ ರಕ್ತಸಂಬಂಧಿಗಳಾಗಿದ್ದರು. ಇಬ್ಬರೂ ಆರೋಗ್ಯವಾಗಿದ್ದರು, ಇಬ್ಬರಲ್ಲೂ ಕೆಟ್ಟ ಪ್ರತಿ ಒಂದೊಂದು ಅಡಗಿತ್ತು. ಹಾಗಿದ್ದಾಗ ಪ್ರತಿ ಮಗುವಿಗೂ ನಾಲ್ಕರಲ್ಲಿ ಒಂದು ಪಾಲು ಅಪಾಯ. ಥೇಟ್ ಬಟಾಣಿ ಲೆಕ್ಕ. ಅಂಥ ಒಂದು ಮಗುವಿಗೆ ಬೇರೆಯವರ ಅಸ್ಥಿಮಜ್ಜೆಯ ಕೋಶಗಳನ್ನು ಕೊಟ್ಟು ಕಾಯಿಲೆಯನ್ನು ಹತೋಟಿಗೆ ತಂದರು. ಜೀನ್ ಪರೀಕ್ಷೆ ಮಾಡಿಸದಿದ್ದರೆ ಆ ದಾರಿ ತೋಚುತ್ತಲೇ ಇರಲಿಲ್ಲ.

ನಮ್ಮ ಕಡೆ ಸೋದರಮಾವನಿಗೆ ಕೊಡುವುದು, ಅತ್ತೆ ಮಗನಿಗೆ ಕೊಡುವುದು ಹಿಂದಿನಿಂದ ಬಂದದ್ದು. ಹಾಗೆ ಮದುವೆಯಾದವರ ಮಕ್ಕಳಲ್ಲಿ ಹೆಚ್ಚಿನವರು ಚೆನ್ನಾಗಿಯೇ ಇದ್ದಾರೆ, ಹೆದರಬೇಕಿಲ್ಲ. ಆದರೆ ಅಂಥ ಮನೆಯಲ್ಲಿ ಎಳೆ ಮಗುವಿಗೆ ಮೇಲೆ ಹೇಳಿದ ಲಕ್ಷಣ ಕಂಡರೆ, ಅಥವಾ ಹಿಂದಿನ ಮಗು ಹೀಗೇ ಭೇದಿಯಿಂದ ತೀರಿಕೊಂಡಿದ್ದರೆ, ‘ನಾವು ಸೋದರಿಕೆಯಲ್ಲಿ ಮದುವೆಯಾದವರು’ ಎಂಬುದನ್ನು ಡಾಕ್ಟರಿಗೆ ತಾವಾಗಿಯೇ ಹೇಳಬೇಕು. ಇಲ್ಲಿ ಜೀನ್ ಪರೀಕ್ಷೆ ದುಡ್ಡು ದಂಡವಲ್ಲ, ಮಗುವಿನ ಜೀವದ ಪ್ರಶ್ನೆ.

ಜೀನ್ ಪರೀಕ್ಷೆ ಉಪಯೋಗಕ್ಕೆ ಬರುವ ಇನ್ನೊಂದು ಜಾಗ ನನ್ನ ಮೇಲೇ ಪ್ರಯೋಗವಾದದ್ದು. ಕ್ರೋನ್ಸ್‌ಗೆ ಕೊಡುವ ಅಜಥಯೋಪ್ರಿನ್ ಮಾತ್ರೆ ಶುರುಮಾಡಿದ ನಾಲ್ಕನೇ ವಾರ ತಲೆ ಬಾಚಿದರೆ ಕೂದಲು ಹಿಡಿಹಿಡಿಯಾಗಿ ಬಂತು. ರಕ್ತ ಪರೀಕ್ಷೆಯಲ್ಲಿ ಬಿಳಿ ಕಣ ಪಾತಾಳಕ್ಕಿಳಿದಿತ್ತು. ಮಾತ್ರೆ ನಿಲ್ಲಿಸಿ ಆಸ್ಪತ್ರೆಯಲ್ಲಿ ಮಲಗಬೇಕಾಯಿತು. ‘ಎನ್‌ಯುಡಿಟಿ-15’ ಎಂಬ ಜೀನ್‌ನಲ್ಲಿ ವ್ಯತ್ಯಾಸವಿದ್ದರೆ ಈ ಮಾತ್ರೆ ಹೀಗೆ ವಿಷವಾಗುತ್ತದೆಂದು 2014ರಲ್ಲಿ ಕೊರಿಯಾದ ಸಂಶೋಧಕರು ತೋರಿಸಿದರು. ಯುರೋಪಿನವರಿಗಿಂತ ಏಷ್ಯಾದವರಲ್ಲಿ ಈ ವ್ಯತ್ಯಾಸ ಹೆಚ್ಚು. ಈ ಮಾತ್ರೆ ಶುರುಮಾಡುವ ಮೊದಲು ಆ ಪರೀಕ್ಷೆ ಬೇಕೇ ಎಂದು ಡಾಕ್ಟರನ್ನು ಕೇಳಿ. ಮಾಡಿಸಿದರೂ ಮೊದಲ ವಾರಗಳಲ್ಲಿ ರಕ್ತ ಪರೀಕ್ಷೆ ತಪ್ಪಿಸಬೇಡಿ.

ಮಾನಸಳ ವಿಷಯಕ್ಕೆ ಬರುತ್ತೇನೆ. ಡಾಕ್ಟರು ಅವಳ ಎತ್ತರ ತೂಕ ನೋಡಿದರು, ವಯಸ್ಸಿಗೆ ತಕ್ಕಂತೆ ಇತ್ತು. ರಕ್ತ ಪರೀಕ್ಷೆ ಮಾಡಿಸಿದರು. ಮಲದಲ್ಲಿ ಕ್ಯಾಲ್‌ಪ್ರೊಟೆಕ್ಟಿನ್ ಎಂಬ ಅಂಶ ಎಷ್ಟಿದೆಯೆಂದು ನೋಡುವ ಪರೀಕ್ಷೆಯನ್ನೂ ಬರೆದುಕೊಟ್ಟರು. ಕರುಳಿನಲ್ಲಿ ಉರಿಯೂತವಿದ್ದರೆ ಅದು ಏರಿರುತ್ತದೆ. ಕೊಲೊನೊಸ್ಕೋಪಿ ಬೇಕೋ ಬೇಡವೋ ಎಂದು ತೀರ್ಮಾನಿಸಲು ಮಕ್ಕಳಿಗೆ ನೋವಿಲ್ಲದ ಒಳ್ಳೆಯ ದಾರಿ. ವರದಿ ಬರುವ ತನಕ ನಾಲ್ಕು ದಿನ ನಮ್ಮ ಮನೆಯಲ್ಲಿ ಯಾರೂ ಸರಿಯಾಗಿ ಮಾತಾಡಲಿಲ್ಲ. ಇವರು ಎರಡೆರಡು ಸಲ ಗೇಟಿನ ಬೀಗ ನೋಡಿ ಬರುತ್ತಿದ್ದರು. ವರದಿ ಬಂತು. ಎಲ್ಲವೂ ಸರಿಯಾಗಿತ್ತು. ಬೆಳಗ್ಗೆ ತಿಂಡಿ ಬಿಡುವುದು, ಪರೀಕ್ಷೆಯ ಭಯ, ಅದರ ಮೇಲೆ ಈ ಗುಟ್ಟಿನ ಭಾರ, ಇವೆಲ್ಲ ಸೇರಿ ಹೊಟ್ಟೆ ಹಿಂಡುತ್ತಿತ್ತು. ಗುಟ್ಟು ಇಳಿದ ಮೇಲೆ ನೋವೂ ಕಡಿಮೆಯಾಗುತ್ತ ಬಂತು.

ಮುಂದೆ ಎಂದೂ ಬರುವುದಿಲ್ಲ ಎಂದು ಡಾಕ್ಟರು ಮಾತು ಕೊಡಲಿಲ್ಲ. ಏನು ಕಂಡರೆ ಬರಬೇಕು ಎಂದು ಅವಳಿಗೇ ಹೇಳಿಕೊಟ್ಟರು. ಎರಡು ಮೂರು ವಾರವಾದರೂ ನಿಲ್ಲದ ಭೇದಿ, ಮಲದಲ್ಲಿ ರಕ್ತ, ರಾತ್ರಿ ನಿದ್ದೆಗೆಡಿಸಿ ಎಬ್ಬಿಸುವ ಹೊಟ್ಟೆನೋವು, ಕಾರಣವಿಲ್ಲದೆ ಇಳಿಯುವ ತೂಕ, ಬಿಟ್ಟುಬಿಟ್ಟು ಬರುವ ಜ್ವರ, ಗುದದ ಹತ್ತಿರ ಹುಣ್ಣು. ಬೆಳೆಯುವ ಮಕ್ಕಳಲ್ಲಿ ಎತ್ತರ ಏರದೆ ನಿಂತರೆ ಅದೂ ಒಂದು ಗುರುತು. ಮನೆಯಲ್ಲಿ ಯಾರಿಗಾದರೂ ಐಬಿಡಿ ಇದ್ದರೆ ಡಾಕ್ಟರಿಗೆ ಮೊದಲೇ ಹೇಳಿ. ವಂಶದ ಮಾತು ಕೆಲಸಕ್ಕೆ ಬರುವುದು ಹೀಗೆ, ಪಂಕ್ತಿಯಲ್ಲಿ ಕೂತು ಆಡಿಕೊಳ್ಳುವುದಕ್ಕಲ್ಲ.

ಪಂಕ್ತಿಯ ಮಾತಿಗೆ ಉತ್ತರ ಕೊಟ್ಟವರು ನಮ್ಮತ್ತೆ. ವಿಷಯ ತಿಳಿದು ಅವರಿಗೆ ಸಿಟ್ಟು ಬಂತು. “ಅವರ ಮನೇಲಿ ಮೂರು ತಲೆಮಾರಿಂದ ಸಕ್ಕರೆ ಕಾಯಿಲೆ. ಯಾರಾದ್ರೂ ಹೆಣ್ಣು ಕೊಡದೆ ಬಿಟ್ರಾ? ಮದುವೇಲಿ ಹೋಳಿಗೆ 2 ತಿಂದು ಮಾತ್ರೆ ನುಂಗ್ಲಿಲ್ವಾ?” ಎಂದರು. ಸಕ್ಕರೆ ಕಾಯಿಲೆಯೂ ಇಂಥದೇ ಲೆಕ್ಕ, ಹಲವು ಜೀನ್, ಜೊತೆಗೆ ಊಟ ಬದುಕು. ಅದು ಎಲ್ಲರ ಮನೆಯಲ್ಲಿರುವುದರಿಂದ ಯಾರಿಗೂ ಕಳಂಕವಲ್ಲ. ಕರುಳಿನ ಕಾಯಿಲೆಯ ಹೆಸರು ಕೇಳಿಲ್ಲದ್ದರಿಂದ ಅದು ವಂಶದ ಶಾಪ. ಇದರಾಚೆ ವ್ಯತ್ಯಾಸವೇನೂ ಇಲ್ಲ.

ನಾನು ಮಾಡಿದ ತಪ್ಪೊಂದನ್ನೂ ಹೇಳಬೇಕು. ಮಗಳು ಹೆದರಬಾರದೆಂದು ನನ್ನ ಕಾಯಿಲೆಯನ್ನು ಅವಳ ಹತ್ತಿರ ‘ಹೊಟ್ಟೆನೋವು’ ಎಂದಷ್ಟೇ ಹೇಳುತ್ತ ಬಂದೆ. ನಾನು ಹೇಳದೆ ಬಿಟ್ಟ ಜಾಗವನ್ನು ಬೇರೆ ಯಾರೋ ತುಂಬಿದರು. ನಿಮ್ಮ ಮನೆಯಲ್ಲೂ ಇಂಥದೊಂದು ಇದ್ದರೆ ಮಕ್ಕಳಿಗೆ ನೀವೇ ಹೇಳಿ, ಅವರ ವಯಸ್ಸಿಗೆ ತಕ್ಕಷ್ಟು, ಆದರೆ ನಿಜವನ್ನೇ.

ಈಗ ಭಾನುವಾರ ಮಧ್ಯಾಹ್ನ ಅಜ್ಜಿ ಮೊಮ್ಮಗಳ ಚೌಕಾಬಾರ ಜೋರಾಗಿ ನಡೆಯುತ್ತಿದೆ. ಸವೆದ ಕವಡೆ ಬೇಡವೆಂದು ಇಬ್ಬರೂ ಹೇಳುವುದಿಲ್ಲ. ನಿನ್ನೆ ಟಿಫಿನ್ ಡಬ್ಬಿ ತೆಗೆದರೆ ಎರಡು ಕಡಲೆಬೀಜ ಉಳಿದಿತ್ತು. ಒಗ್ಗರಣೆಯ ಕಡಲೆಬೀಜ ಅವಳಿಗೆ ಚಿಕ್ಕಂದಿನಿಂದಲೂ ಸೇರುವುದಿಲ್ಲ.